ಸೋಂಪಿನ ತಟ್ಟೆಯೋ, ಸರ್ವೀಸ್ ಚಾರ್ಜೋ?

ದರ್ಶಿನಿಯಲ್ಲಿ ಸರ್ವೀಸ್ ಚಾರ್ಜಿನ ತಕರಾರೇ ಇಲ್ಲ. ಮೊದಲು ದುಡ್ಡು, ಆಮೇಲೆ ಟೋಕನ್, ನಿಂತು ತಿಂದು ಹೊರಟರೆ ಮುಗಿಯಿತು. ಬೆಂಗಳೂರಿನ ಪಬ್ಬು, ಎಸಿ ರೆಸ್ಟೊರೆಂಟುಗಳ ಬಿಲ್ಲಿನಲ್ಲಿ ಮಾತ್ರ ಎಷ್ಟೋ ಸಲ ಊಟದ ಮೊತ್ತಕ್ಕೂ ಜಿಎಸ್‌ಟಿಗೂ ನಡುವೆ ಇನ್ನೊಂದು ಸಾಲು ನುಸುಳಿರುತ್ತದೆ: ಸರ್ವೀಸ್ ಚಾರ್ಜ್, ಶೇ. 5 ಅಥವಾ 10. ಬರೀ ‘ಎಸ್.ಸಿ.’ ಎಂದು ಅಚ್ಚಾಗಿದ್ದರೆ ಸರ್ಕಾರದ ತೆರಿಗೆಯೆಂದೇ ತಿಳಿದು ಕೊಡುವವರೂ ಉಂಟು.

ಅದು ತೆರಿಗೆಯಲ್ಲ. ಬಿಲ್ಲಿಗೆ ತಾನಾಗಿ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲು ಮಾಡಬಾರದು, ಕೊಡದವರನ್ನು ಬಾಗಿಲಲ್ಲೇ ತಡೆಯಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ರೆಸ್ಟೊರೆಂಟ್ ಸಂಘಗಳು ಕೋರ್ಟಿಗೆ ಹೋದವು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ‘ಸ್ಟಾಫ್ ವೆಲ್‌ಫೇರ್’ ಎಂಬ ವೇಷ ಹಾಕಿ ಬಂದರೂ ಅದೇ ಉತ್ತರ.

ಲೆಕ್ಕ ನೋಡಿ. ಊಟ 1,800 ರೂಪಾಯಿ. ಶೇ. 10ರ ಸರ್ವೀಸ್ ಚಾರ್ಜ್ 180. ಎರಡೂ ಸೇರಿದ 1,980ರ ಮೇಲೆ ಶೇ. 5 ಜಿಎಸ್‌ಟಿ 99. ಒಟ್ಟು 2,079. ಆ ಸಾಲು ಇಲ್ಲದಿದ್ದರೆ 1,890. ಅಂದರೆ ಕೈಬಿಟ್ಟು ಹೋಗುವುದು 180 ಅಲ್ಲ, 189. ತೆಗೆಸುವಾಗ ಎಡವುವುದೂ ಇಲ್ಲೇ: ಕೌಂಟರಿನವರು 180 ‘ಡಿಸ್ಕೌಂಟ್’ ಕೊಟ್ಟು ಜಿಎಸ್‌ಟಿ 99ನ್ನು ಹಾಗೇ ಬಿಡಬಹುದು. ಹೊಸ ಬಿಲ್ಲನ್ನೇ ಕೇಳಿ. ಸಿಜಿಎಸ್‌ಟಿ 45, ಎಸ್‌ಜಿಎಸ್‌ಟಿ 45 ಇದೆಯೇ ನೋಡಿ. ಬಿಯರ್ ಇದ್ದರೆ ಅದರ ಮೊತ್ತ ಬೇರೆ ಕಾಣಬೇಕು, ಮದ್ಯಕ್ಕೆ ಜಿಎಸ್‌ಟಿ ಇಲ್ಲ.

ಕೇಳುವುದು ಕಾರ್ಡ್ ಉಜ್ಜುವ ಮೊದಲು, ಅದೂ ಮ್ಯಾನೇಜರನ್ನು. ಸಪ್ಲೈಯರನ್ನು ದಬಾಯಿಸಿ ಫಲವಿಲ್ಲ, ಬಿಲ್ ಬದಲಿಸುವ ಪಾಸ್‌ವರ್ಡ್ ಅವರ ಕೈಯಲ್ಲಿ ಇರುವುದೇ ಅಪರೂಪ. ಒಪ್ಪದಿದ್ದರೆ ದುಡ್ಡು ಕೊಟ್ಟು, ಬಿಲ್ಲಿನ ಫೋಟೊ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಸಹಾಯವಾಣಿ ದೂರನ್ನು ಹೋಟೆಲಿಗೆ ಮುಟ್ಟಿಸಿ ರಾಜಿಗೆ ಯತ್ನಿಸುತ್ತದೆ, ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ. ಆದೇಶವೇ ಬೇಕೆಂದರೆ ಜಿಲ್ಲಾ ಗ್ರಾಹಕ ಆಯೋಗ: ಎರಡು ವರ್ಷದೊಳಗೆ ದೂರು ಕೊಡಬೇಕು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವಿಲ್ಲ. 189 ರೂಪಾಯಿಗೆ ಅಷ್ಟು ಅಲೆದಾಟ ಯಾರಿಗೂ ಗಿಟ್ಟದು, ಅದು ಮಾಲೀಕರಿಗೂ ಗೊತ್ತು.

ಟಿಪ್ಸ್ ಬೇರೆ ಮಾತು. ಸರ್ವೀಸ್ ಚಾರ್ಜ್ ಮೊದಲು ಸೇರುವುದು ಮಾಲೀಕರ ಖಾತೆಗೆ. ಬಡಿಸಿದವರಿಗೆ ಎಷ್ಟು ಹಂಚಿದರೆಂದು ಬಿಲ್ ಹೇಳುವುದಿಲ್ಲ. ಕ್ಯೂಆರ್ ಸ್ಕ್ಯಾನ್ ಮಾಡಿ 1,890ರ ಜಾಗದಲ್ಲಿ 2,000 ಒತ್ತಿದರೂ ಆ 110 ಹೋಗುವುದು ಅಲ್ಲಿಗೇ. ಸೋಂಪಿನ ತಟ್ಟೆಯಲ್ಲಿಟ್ಟ ನೂರರ ನೋಟಾದರೆ ಸಪ್ಲೈಯರಿಗೆ ಸಿಗುತ್ತದೆ. ಟೇಬಲ್ ಒರೆಸುವ ಹುಡುಗನಿಗೂ ಪಾಲು ಬೇಕೆನಿಸಿದರೆ ಐವತ್ತರ ಎರಡು ನೋಟು ಮಾಡಿಸಿ, ಅವನದನ್ನು ಅವನ ಕೈಗೇ ಕೊಡಿ.