ಆಫೀಸಿನ ಗೆಳತಿಯ ಕುಬಸಕ್ಕೆ (ಸೀಮಂತಕ್ಕೆ) ಉಡುಗೊರೆ: ಸ್ಟ್ರೋಲರೋ, ತೊಟ್ಟಿಲೋ, ಬೆಳ್ಳಿಯೋ?

ಹತ್ತು ಮಂದಿ ತಲಾ 1,000 ಹಾಕಿದರೆ 10,000 ರೂಪಾಯಿ. ಸ್ಟ್ರೋಲರ್ ನೋಡೋಕೆ ಚೆಂದ. ಆದರೆ 40 ಡಿಗ್ರಿ ದಾಟುವ ಕಲಬುರಗಿ ಬಿಸಿಲಲ್ಲಿ, ಈ ತಗ್ಗುದಿಣ್ಣೆ ರಸ್ತೆಯಲ್ಲಿ ತಳ್ಳೋರ‍್ಯಾರು?

ತೊಟ್ಟಿಲು ಉಪಯೋಗಕ್ಕೆ ಬರುತ್ತೆ. ಆದರೆ ಕೂಸು ಹುಟ್ಟೋ ಮೊದಲು ಕೆಲವರು ಅದನ್ನ ಮನೆಗೆ ತರೋದಿಲ್ಲ, ಅದು ತವರಿನವರ ಪಾಲು ಅನ್ನೋರೂ ಇದ್ದಾರೆ. ಮೊದಲು ಗೆಳತಿಯ ಅತ್ತೆಯವರನ್ನೇ ಕೇಳಿ.

ನನ್ನ ಓಟು ಬೆಳ್ಳಿ ಬಟ್ಟಲು, ಚಮಚಕ್ಕೆ. ಹಾಲ್‌ಮಾರ್ಕ್ ಇರಲಿ, ಅಂಚು ಚುಚ್ಚುತ್ತಾ ಅಂತ ಬೆರಳಾಡಿಸಿ ನೋಡಿ. ನಕ್ಷೆ ಕಮ್ಮಿಯಿದ್ದಷ್ಟು ತೊಳೆಯೋದು ಸುಲಭ. ಬೀದರಿನ ಬಿದರಿ ಬಟ್ಟಲು ಮಾತ್ರ ಬೇಡ, ಅದು ಸತು-ತಾಮ್ರದ ಮಿಶ್ರಲೋಹ, ಶೋಕೇಸಿಗಷ್ಟೇ.

ಉಳಿದ ದುಡ್ಡಲ್ಲಿ ಬಾಣಂತಿಗೆ ಅಂಟಿನುಂಡಿ ಸಾಮಾನು ಕೊಡಿಸಿ: ಅಂಟು, ಉತ್ತತ್ತಿ, ಒಣಕೊಬ್ಬರಿ, ಬೆಲ್ಲ. ಎಲ್ಲರೂ ಕೂಸಿಗೇ ತರ‍್ತಾರೆ, ಹೆತ್ತವಳಿಗೆ ತರೋರು ಕಮ್ಮಿ.