ನುಡಿ, ಇನ್‌ಸ್ಕ್ರಿಪ್ಟ್, ಲಿಪ್ಯಂತರ: ಕಚೇರಿ ಪತ್ರಕ್ಕೆ ಯಾವುದು ಸಲೀಸು?

‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’. ಕರ್ನಾಟಕದ ಸರ್ಕಾರಿ ಕಚೇರಿಗಳ ಪತ್ರಗಳಲ್ಲಿ ಮತ್ತೆ ಮತ್ತೆ ಸಿಗುವ ಸಾಲು ಇದು. ಒತ್ತಕ್ಷರ, ಅನುಸ್ವಾರ, ಮಹಾಪ್ರಾಣ, ದೀರ್ಘ ಎಲ್ಲವೂ ಇದರಲ್ಲಿ ಇರುವುದರಿಂದ ಕೀಲಿಮಣೆಗಳನ್ನು ತೂಗಿ ನೋಡಲು ಇದೇ ಸಾಕು. ಮೂರು ಬಗೆಯಲ್ಲೂ ಹೊಡೆದು, ಪದಗಳ ನಡುವಿನ ಎರಡು ಸ್ಪೇಸ್ ಸೇರಿಸಿ ಎಣಿಸಿದರೆ ರಾಜ್ಯ ಸರ್ಕಾರ ಒಪ್ಪಿದ ನುಡಿ ಕೀಲಿಮಣೆಯಲ್ಲಿ 29 ಹೊಡೆತ, ವಿಂಡೋಸ್‌ನೊಳಗೇ ಬರುವ ಇನ್‌ಸ್ಕ್ರಿಪ್ಟ್‌ನಲ್ಲೂ 29. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡವಾಗಿಸುವ ಲಿಪ್ಯಂತರದಲ್ಲಿ 36.

ಮೊದಲ ಎರಡರ ನಡುವಿನ ವ್ಯತ್ಯಾಸ ಕಾಣುವುದು ಶಿಫ್ಟ್ ಕೀಲಿಯಲ್ಲಿ. ನುಡಿಯಲ್ಲಿ ಈ ಸಾಲಿಗೆ 6 ಸಲ ಶಿಫ್ಟ್ ಹಿಡಿಯಬೇಕು: ಅನುಸ್ವಾರ ದೊಡ್ಡ ಎಂ ಆದ್ದರಿಂದ ಅದಕ್ಕೇ 4, ಏತ್ವದ ದೀರ್ಘಕ್ಕೆ 1, ಧಕಾರಕ್ಕೆ 1. ಇನ್‌ಸ್ಕ್ರಿಪ್ಟ್‌ನಲ್ಲಿ ಷ ಮತ್ತು ಧ ಎರಡಕ್ಕೆ ಮಾತ್ರ ಶಿಫ್ಟ್. ದಿನಕ್ಕೆ ಹತ್ತಾರು ಪುಟ ಹೊಡೆಯುವವರ ಕಿರುಬೆರಳಿಗೆ ಇದು ಸಣ್ಣ ಲೆಕ್ಕವಲ್ಲ.

ನುಡಿಯ ವಿನ್ಯಾಸದ ಮೂಲ ಕನ್ನಡ ಗಣಕ ತಜ್ಞ ಕೆ.ಪಿ. ರಾವ್ ಅವರದು. ಕನ್ನಡ ಗಣಕ ಪರಿಷತ್ತು ತಂತ್ರಾಂಶ ರೂಪಿಸಿತು, ರಾಜ್ಯ ಸರ್ಕಾರ ಆ ವಿನ್ಯಾಸವನ್ನು ಶಿಷ್ಟವೆಂದು ಒಪ್ಪಿಕೊಂಡಿತು. ಇಂಗ್ಲಿಷ್ ಕೀಲಿಮಣೆ ಗೊತ್ತಿದ್ದವರಿಗೆ ಅರ್ಧ ಕಲಿಕೆ ಮುಗಿದಂತೆಯೇ: ಕೆ ಒತ್ತಿದರೆ ಕ, ಎಂ ಒತ್ತಿದರೆ ಮ. ಹೊಸದಾಗಿ ನೆನಪಿಡಬೇಕಾದವು ಕೆಲವೇ: ಟ ಕ್ಯೂನಲ್ಲಿ, ಡ ಡಬ್ಲ್ಯೂನಲ್ಲಿ, ಷ ಎಕ್ಸ್‌ನಲ್ಲಿ, ಒತ್ತಕ್ಷರ ಕೂಡಿಸುವ ಹಲಂತ ಎಫ್‌ನಲ್ಲಿ. ಹಲಂತವನ್ನು ಎಡ ತೋರುಬೆರಳ ಕೆಳಗೇ ಇಟ್ಟಿದ್ದು ಜಾಣತನ. ಕೊರತೆ ಇರುವುದೂ ಅಲ್ಲಿಯೇ. ಆರ್, ಟಿ, ಜಿ, ವಿ, ಬಿ ಕೂಡ ಅದೇ ಬೆರಳಿನವು. ‘ಮತ್ತು’ ಎಂದು ಹೊಡೆಯುವಾಗ ಟಿ, ಎಫ್, ಟಿ ಮೂರೂ ಒಂದೇ ಬೆರಳಿಗೆ ಬೀಳುತ್ತವೆ. ಗ್ಗ, ಬ್ಬ, ವ್ವಗಳದೂ ಇದೇ ಪಾಡು. ವೇಗ ಒಂದು ಮಟ್ಟಕ್ಕೆ ಬಂದು ನಿಂತುಬಿಟ್ಟಿದೆ ಎನ್ನುವವರು ಹೆಚ್ಚಾಗಿ ಎಡವುವುದು ಈ ದ್ವಿತ್ವಗಳಲ್ಲೇ. ಅತ್ತು, ಇತ್ತು, ಹತ್ತು, ಹಬ್ಬ, ಹಗ್ಗ ಎಂಬ ಪದಗಳನ್ನೇ ಬೇರೆಯಾಗಿ ಐದೈದು ನಿಮಿಷ ಹೊಡೆದು ಪಳಗಿಸಬೇಕು.

ಇನ್‌ಸ್ಕ್ರಿಪ್ಟ್ ಕಟ್ಟಿರುವ ಬಗೆಯೇ ಬೇರೆ: ಋ ಬಿಟ್ಟು ಸ್ವರಗಳೆಲ್ಲ ಎಡಗೈಗೆ, ವ್ಯಂಜನಗಳು ಹೆಚ್ಚುಕಡಿಮೆ ಬಲಗೈಗೆ. ‘ಮತ್ತು’ ಇಲ್ಲಿ ಸಿ, ಎಲ್, ಡಿ, ಎಲ್, ಜಿ; ತ ಮತ್ತು ಹಲಂತ ಬಲ-ಎಡ-ಬಲ ಎಂದು ಕೈ ಬದಲಿಸುತ್ತ ಓಡುತ್ತವೆ. ಕೀಲಿಯ ಮೇಲಿನ ಇಂಗ್ಲಿಷ್ ಅಕ್ಷರಕ್ಕೂ ಕನ್ನಡಕ್ಕೂ ಸಂಬಂಧವಿಲ್ಲದ ಕಾರಣ ಮೊದಲ ವಾರಗಳು ನಿಜಕ್ಕೂ ಬೇಸರ ತರಿಸುತ್ತವೆ. ಟ, ಡ, ಚ, ಜ, ಯ ಎಲ್ಲವೂ ಬಲ ಕಿರುಬೆರಳಿಗೆ ಬಿದ್ದಿರುವುದು ಇದರ ದೌರ್ಬಲ್ಯ.

ಕಚೇರಿ ಕೆಲಸದಲ್ಲಿ ಇದಕ್ಕಿಂತ ಹೆಚ್ಚು ಕಾಡುವುದು ಚಿಹ್ನೆಗಳು. ಕೋಲನ್ ಇದ್ದ ಜಾಗದಲ್ಲಿ ಛ ಇದೆ, ಓರೆಗೆರೆ ಇದ್ದಲ್ಲಿ ಯ ಇದೆ. ‘ವಿಷಯ:’, ‘ಉಲ್ಲೇಖ:’ ಎನ್ನಲೂ, ಪತ್ರದ ಸಂಖ್ಯೆಯಲ್ಲಿ ಓರೆಗೆರೆ ಹಾಕಲೂ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷ್‌ಗೆ ಹೋಗಿ ಮರಳಬೇಕು. ಓರೆಗೆರೆಗೆ ಮಾತ್ರ ಸುಲಭ ದಾರಿಯಿದೆ: ಬಲಬದಿಯ ಅಂಕಿಫಲಕದ ಭಾಗಾಕಾರ ಕೀಲಿ ಕನ್ನಡದಲ್ಲಿದ್ದಾಗಲೂ ಓರೆಗೆರೆಯನ್ನೇ ಕೊಡುತ್ತದೆ. ಕೋಲನ್‌ಗಾಗಿ ‘ವಿಷಯ:’, ‘ಉಲ್ಲೇಖ:’ ಇರುವ ಖಾಲಿ ಪತ್ರವನ್ನೇ ಟೆಂಪ್ಲೇಟ್ ಮಾಡಿಟ್ಟುಕೊಳ್ಳುವುದು ಮೇಲು. ನುಡಿಯಲ್ಲಿ ಈ ತಾಪತ್ರಯವಿಲ್ಲ, ಚಿಹ್ನೆಗಳು ತಮ್ಮ ಜಾಗದಲ್ಲೇ ಇವೆ.

ಆದರೆ ಇನ್‌ಸ್ಕ್ರಿಪ್ಟ್ ವಿಂಡೋಸ್‌ನೊಳಗೇ ಬರುತ್ತದೆ. ಭಾಷೆಯ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿದರೆ ಆಯಿತು. ನುಡಿಯನ್ನು ಪ್ರತಿ ಯಂತ್ರದಲ್ಲೂ ಇನ್‌ಸ್ಟಾಲ್ ಮಾಡಬೇಕು, ಅದಕ್ಕೆ ಅಡ್ಮಿನ್ ಅನುಮತಿ ಬೇಕು. ಇನ್ನೊಂದು ತೊಡಕು: ನುಡಿ ಕನ್ನಡ-ಇಂಗ್ಲಿಷ್ ಬದಲಿಸುವುದು ಸ್ಕ್ರೋಲ್ ಲಾಕ್ ಕೀಲಿಯಿಂದ, ಇಂದಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಲಿಯೇ ಇಲ್ಲ. ತೆರೆಯ ಮೇಲಿನ ಕೀಲಿಮಣೆ ತೆರೆದು ಅಲ್ಲಿ ಒತ್ತಬಹುದು, ಇಲ್ಲವೆ ಬೇರೆ ಕೀಲಿಮಣೆ ಜೋಡಿಸಬಹುದು. ಲಿನಕ್ಸ್‌ನಲ್ಲಿ ಕಗಪ (ಕನ್ನಡ ಗಣಕ ಪರಿಷತ್ತು) ಎಂಬ ಹೆಸರಲ್ಲಿ ಇದೇ ವಿನ್ಯಾಸ ಸಿದ್ಧವಾಗಿ ಸಿಗುತ್ತದೆ.

ಲಿಪ್ಯಂತರದ ಮಾತನ್ನು ಬೇಗ ಮುಗಿಸಬಹುದು. ವಿಂಡೋಸ್ 10ರ 2019ರ ಮೇ ಆವೃತ್ತಿಯಿಂದ ಅದೂ ಒಳಗೇ ಇದೆ, ಕಲಿಯುವ ಶ್ರಮವಿಲ್ಲ. ಆದರೆ ಸಣ್ಣಕ್ಷರದ ಎಲ್ ಲ ಆಗಬೇಕೋ ಳ ಆಗಬೇಕೋ, ಎನ್ ನ ಆಗಬೇಕೋ ಣ ಆಗಬೇಕೋ ಎಂಬುದನ್ನು ಅದು ಊಹಿಸಿ ಪಟ್ಟಿ ಕೊಡುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಕಳಸ ಕಣ್ತಪ್ಪಿದರೆ ಕಲಸ ಆದೀತು. ಊರಿನ ಹೆಸರು, ಫಲಾನುಭವಿಯ ಹೆಸರು ತಪ್ಪಿದ ಪತ್ರವನ್ನು ಮತ್ತೆ ಹೊಡೆಯಲೇಬೇಕು. ಅದಕ್ಕೂ ದೊಡ್ಡ ತೊಂದರೆಯೆಂದರೆ ಕಣ್ಣು ಸದಾ ಪಟ್ಟಿಯ ಮೇಲಿರಬೇಕು, ಪಕ್ಕದ ಕಡತ ನೋಡಿಕೊಂಡು ಹೊಡೆಯಲಾಗದು. ನೋಡದೆ ಹೊಡೆಯುವುದೇ ಕಚೇರಿ ಟೈಪಿಂಗ್‌ನ ಜೀವಾಳ ಆದ್ದರಿಂದ ಇದನ್ನು ಅಪರೂಪದ ಒಂದೆರಡು ಸಾಲಿಗೆ ಮಾತ್ರ ಇಟ್ಟುಕೊಳ್ಳಬೇಕು.

ವೇಗ ಅಳೆಯುವಾಗ ಪದ ಎಣಿಸಬೇಡಿ, ಹೊಡೆತ ಎಣಿಸಿ. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ ಇಂಗ್ಲಿಷ್‌ಗೆ ನಿಮಿಷಕ್ಕೆ 35 ಪದ ಎಂದಾಗ ಅದರ ಅರ್ಥ ಗಂಟೆಗೆ 10,500 ಹೊಡೆತ, ಪದಕ್ಕೆ 5ರಂತೆ. ಆ ಲೆಕ್ಕದಲ್ಲಿ ಮೇಲಿನ ಮೂರು ಕನ್ನಡ ಪದ ಹೆಚ್ಚುಕಡಿಮೆ ಆರು ಪದವಾಗುತ್ತದೆ. ಕನ್ನಡದಲ್ಲಿ ನನ್ನ ವೇಗ ಅರ್ಧಕ್ಕರ್ಧ ಕಡಿಮೆ ಎಂದು ಕೊರಗುವವರಲ್ಲಿ ಅನೇಕರ ವೇಗ ನಿಜಕ್ಕೂ ಕಡಿಮೆಯಿಲ್ಲ.

ಒಟ್ಟಿನಲ್ಲಿ ನಮ್ಮ ಒಲವು ಹೀಗೆ: ರಾಜ್ಯ ಸರ್ಕಾರದ ಕಚೇರಿ, ಪಂಚಾಯಿತಿ, ಸ್ವಂತ ಯಂತ್ರ ಇರುವವರಿಗೆ ನುಡಿ. ಬ್ಯಾಂಕು, ಕೇಂದ್ರ ಕಚೇರಿಗಳಂತೆ ಏನನ್ನೂ ಇನ್‌ಸ್ಟಾಲ್ ಮಾಡಲು ಬಿಡದ ಯಂತ್ರಗಳಲ್ಲಿ ಕೂರುವವರಿಗೆ ಇನ್‌ಸ್ಕ್ರಿಪ್ಟ್.

ನುಡಿ ಆಯ್ದುಕೊಂಡರೆ, ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಯೂನಿಕೋಡ್ ವಿಧಾನದಲ್ಲೇ ಹೊಡೆಯಿರಿ. ಹಳೆಯ ಆಸ್ಕಿ ವಿಧಾನದಲ್ಲಿ, ‘ನುಡಿ 01 ಇ’ಯಂಥ ಫಾಂಟ್‌ನಲ್ಲಿ ಹೊಡೆದ ಕಡತದೊಳಗೆ ನಿಜವಾಗಿ ಕೂತಿರುವುದು ಲ್ಯಾಟಿನ್ ಸಂಕೇತಗಳು, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಪುಟ ತುಂಬ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಗೊಂಡಾರಣ್ಯ ಕಾಣುತ್ತದೆ. ಎಕ್ಸೆಲ್‌ನಲ್ಲಿ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದರೆ ಕ್ರಮ ತಪ್ಪುತ್ತದೆ, ಹುಡುಕಿದರೆ ಪದ ಸಿಗುವುದಿಲ್ಲ.

ಇನ್ನು ಪುಟ ವಿನ್ಯಾಸ. ವರ್ಡ್ ಮತ್ತು ಲಿಬ್ರೆಆಫೀಸ್ ರೈಟರ್ ಎರಡೂ ಕನ್ನಡವನ್ನು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂದು ಪ್ರತ್ಯೇಕವಾಗಿ ಎಣಿಸುತ್ತವೆ. ಸ್ಟೈಲ್‌ನಲ್ಲಿ ಇಂಗ್ಲಿಷ್ ಅಕ್ಷರದ ಗಾತ್ರ 14 ಎಂದಿಟ್ಟರೂ ಕನ್ನಡ ಮೊದಲಿನ ಗಾತ್ರದಲ್ಲೇ ಉಳಿಯುವುದು ಇದಕ್ಕೇ. ಈ ವಿಷಯದಲ್ಲಿ ರೈಟರ್ ಸ್ಪಷ್ಟ: ಆಯ್ಕೆಗಳಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಗುರುತು ಹಾಕಿದರೆ ಎರಡು ಫಾಂಟ್ ಪೆಟ್ಟಿಗೆಗಳನ್ನೂ ಕಣ್ಣೆದುರೇ ತೋರಿಸುತ್ತದೆ. ವರ್ಡ್‌ನಲ್ಲಿ ಕನ್ನಡವನ್ನು ಸಂಪಾದನಾ ಭಾಷೆಯಾಗಿ ಸೇರಿಸುವ ತನಕ ಆ ಪೆಟ್ಟಿಗೆ ಕಾಣದಿರಬಹುದು.

ಸಾಲುಗಳ ಅಂತರವನ್ನು ‘ಎಕ್ಸಾಕ್ಟ್ಲಿ 12’ ಎಂದಿಟ್ಟರೆ ವರ್ಡ್‌ನಲ್ಲಿ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ. ‘ಮಲ್ಟಿಪಲ್ 1.15’ ಇಡಿ. ಪುಟದ ಅಳತೆ ಅಮೆರಿಕದ ಲೆಟರ್ ಆಗಿದ್ದರೆ ಎ4ಗೆ ಬದಲಿಸಿ. ಕಡತಕ್ಕೆ ತೂತು ಹಾಕಲು ಎಡಕ್ಕೆ 3 ಸೆಂ.ಮೀ., ಬಲಕ್ಕೆ 2 ಬಿಟ್ಟರೆ ಬರೆಯಲು 16 ಸೆಂ.ಮೀ. ಉಳಿಯುತ್ತದೆ. ಸಂಖ್ಯೆಯ ಸಾಲಿನಲ್ಲೇ ದಿನಾಂಕ ಬಲ ಅಂಚಿಗೆ ಕೂರಬೇಕಾದರೆ 16ಕ್ಕೆ ಒಂದು ಬಲ ಟ್ಯಾಬ್ ಇಡಿ. ಸ್ಪೇಸ್ ಒತ್ತುತ್ತ ತಳ್ಳಿದ ದಿನಾಂಕ ಫಾಂಟ್ ಬದಲಾದ ಕೂಡಲೇ ಮುಂದಿನ ಸಾಲಿಗೆ ಜಿಗಿಯುತ್ತದೆ.

‘ವಿಷಯ:’ದ ಎರಡನೆಯ ಸಾಲು ಮೊದಲ ಸಾಲಿನ ಪಠ್ಯದ ಕೆಳಗೇ ಬರಲು ವರ್ಡ್‌ನಲ್ಲಿ 2.5 ಸೆಂ.ಮೀ. ಹ್ಯಾಂಗಿಂಗ್ ಇಂಡೆಂಟ್, ರೈಟರ್‌ನಲ್ಲಿ ಬಿಫೋರ್ ಟೆಕ್ಸ್ಟ್ 2.5, ಫಸ್ಟ್ ಲೈನ್ ಋಣ 2.5. ವರ್ಡ್‌ನಲ್ಲಿ 2.5ಕ್ಕೆ ಟ್ಯಾಬ್ ನಿಲುಗಡೆಯನ್ನು ನೀವೇ ಇಡಿ, ಇಲ್ಲವಾದರೆ ವರ್ಡ್ ತನ್ನದೇ ಆದ 1.27ರ ನಿಲುಗಡೆಗೆ ನಿಂತೀತು. ಸಹಿಯ ಭಾಗಕ್ಕೆ ಎಡ ಇಂಡೆಂಟ್ 9 ಸೆಂ.ಮೀ. ಕೊಟ್ಟು, ‘ತಮ್ಮ ವಿಶ್ವಾಸಿ’ ಮತ್ತು ಅದರ ಹಿಂದಿನ ಪ್ಯಾರಾಗೆ ‘ಕೀಪ್ ವಿತ್ ನೆಕ್ಸ್ಟ್’ ಹಾಕಿದರೆ ಸಹಿಯೊಂದೇ ಒಂಟಿಯಾಗಿ ಎರಡನೆಯ ಹಾಳೆಗೆ ಹೋಗುವುದಿಲ್ಲ.