ಎರಡು ದೇಶಕ್ಕೆ ಒಂದೇ ಇತಿಹಾಸ ಪಠ್ಯ: ತಗೊಳ್ಳಬಹುದಾ?

ಫ್ರಾನ್ಸ್-ಜರ್ಮನಿ ಜಂಟಿ ಇತಿಹಾಸ ಪಠ್ಯಪುಸ್ತಕದ 2006ರ ಭಾಗ ಓದಿದೆ, 1945ರ ನಂತರದ ಕಥೆ. ಇಂಥದ್ದೊಂದು ಬೇಕು ಅಂತ ಕೇಳಿದವರು 2003ರಲ್ಲಿ ಬರ್ಲಿನ್‌ನಲ್ಲಿ ಸೇರಿದ್ದ ಎರಡೂ ದೇಶಗಳ ವಿದ್ಯಾರ್ಥಿಗಳು. ಮಂತ್ರಿಗಳಿಗೆ ಹೊಳೆಯದಿದ್ದದ್ದು ಮಕ್ಕಳಿಗೆ ಹೊಳೆಯಿತು ನೋಡಿ! ಎರಡು ಭಾಷೆಯಲ್ಲೂ ಅದೇ ಪಾಠ, ಅದೇ ಚಿತ್ರ.

ನನಗೆ ಜಾಸ್ತಿ ಹಿಡಿಸಿದ್ದು ಒಂದೇ ವಿಷಯವನ್ನು ಫ್ರೆಂಚರು ಹೇಗೆ ನೋಡುತ್ತಾರೆ, ಜರ್ಮನರು ಹೇಗೆ ನೋಡುತ್ತಾರೆ ಅಂತ ಪಕ್ಕಪಕ್ಕದಲ್ಲಿಟ್ಟು ತೋರಿಸುವ ಪುಟಗಳು. ಅಮೆರಿಕದ ಬಗ್ಗೆ ಇಬ್ಬರಿಗೂ ಒಂದೇ ಅಭಿಪ್ರಾಯವಿಲ್ಲ, ಅದನ್ನು ಸುಮ್ನೆ ಮುಚ್ಚಿಟ್ಟಿಲ್ಲ. ಯುರೋಪ್ ಒಗ್ಗಟ್ಟಿನ ಪಾಠ ಮಾತ್ರ ಸ್ವಲ್ಪ ಬೆನ್ನು ತಟ್ಟಿಕೊಂಡಂತಿದೆ, ಬೇಜಾರು. ಜರ್ಮನಿಯಲ್ಲಿ ಸಿಲಬಸ್ ರಾಜ್ಯಕ್ಕೊಂದು, ಹಾಗಾಗಿ ಎಲ್ಲ ಶಾಲೆಗೂ ಹೊಂದುವುದಿಲ್ಲ. ಭಾಷೆ ಕಲಿಯುತ್ತಿರುವವರು ಎರಡೂ ಆವೃತ್ತಿ ಒಟ್ಟಿಗೆ ತಗೊಳ್ಳಿ. ಐದಕ್ಕೆ ನಾಲ್ಕು.